ಸಾಧನೆಯ ಗಂಟೆ, ಬಾಡಿಗೆಯ ತಿಂಗಳು

ಕರ್ನಾಟಕ ಸಂಗೀತದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಮೈಸೂರು, ಶಿವಮೊಗ್ಗ, ಉಡುಪಿಗಳಿಂದ ಚೆನ್ನೈಗೆ ಹೊರಡುವವರ ಮನೆಗಳಲ್ಲಿ ಖರ್ಚಿನ ಮಾತು ಸಾಮಾನ್ಯವಾಗಿ ಶುಲ್ಕದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ವಾಸ್ತವದಲ್ಲಿ ಶುಲ್ಕವು ಇಡೀ ಲೆಕ್ಕದ ಚಿಕ್ಕ ಬಾಬು. 1932ರಲ್ಲಿ ಆರಂಭವಾದ ಮದ್ರಾಸ್ ವಿಶ್ವವಿದ್ಯಾಲಯದ ಭಾರತೀಯ ಸಂಗೀತ ವಿಭಾಗವನ್ನೇ ಆಯ್ದುಕೊಂಡರೂ, 2013ರಲ್ಲಿ ಸ್ಥಾಪನೆಯಾದ ತಮಿಳುನಾಡಿನ ಸಂಗೀತ ಮತ್ತು ಲಲಿತಕಲೆಗಳ ವಿಶ್ವವಿದ್ಯಾಲಯವನ್ನೇ ಆಯ್ದುಕೊಂಡರೂ, ಎರಡೂ ಸರ್ಕಾರಿ ಸಂಸ್ಥೆಗಳಾಗಿರುವುದರಿಂದ, ಅಲ್ಲಿ ಕಟ್ಟುವ ಹಣವು ಎರಡು ವರ್ಷಗಳ ಊಟ, ವಸತಿ, ಓಡಾಟಗಳ ಮುಂದೆ ದೊಡ್ಡದಾಗಿ ಕಾಣುವುದಿಲ್ಲ. ಮೈಸೂರಿನಿಂದ ಪಿಟೀಲು ಹಿಡಿದು ಚೆನ್ನೈಗೆ ಹೋಗಿ, ತರಗತಿಯ ಜೊತೆಜೊತೆಗೆ ಪಕ್ಕವಾದ್ಯ ನುಡಿಸಿ ಅಲ್ಲಿ ಬದುಕಿದ ಈ ಅಂಕಣದ ಲೇಖಕಿಯ ಲೆಕ್ಕದ ಪುಸ್ತಕವೂ ಇದನ್ನೇ ತೋರಿಸುತ್ತದೆ. ಆ ಪುಸ್ತಕದಲ್ಲಿ ರೂಪಾಯಿಯ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಕಾಲಮ್ಮಿದೆ: ಆಯಾ ಖರ್ಚು ಅಥವಾ ವರಮಾನವು ದಿನದ ಸಾಧನೆಯ ಎಷ್ಟು ಗಂಟೆಯನ್ನು ಉಳಿಸಿತು, ಎಷ್ಟನ್ನು ನುಂಗಿತು ಎಂಬುದು. ಸಂಗೀತ ವಿದ್ಯಾರ್ಥಿಯ ನಿಜವಾದ ಬಂಡವಾಳ ಆ ಗಂಟೆಗಳೇ ಆಗಿರುವುದರಿಂದ, ಬಾಡಿಗೆಯನ್ನೂ ಸಂಭಾವನೆಯನ್ನೂ ಅವುಗಳ ಮೂಲಕ ಅಳೆಯದ ಹೊರತು ಯಾವುದು ಅಗ್ಗ, ಯಾವುದು ತುಟ್ಟಿ ಎಂಬುದು ತಿಳಿಯುವುದಿಲ್ಲ.

ಹಿಂದಿನವರಿಗೆ ಈ ಎರಡನೆಯ ಕಾಲಮ್ಮಿನ ಅಗತ್ಯವಿರಲಿಲ್ಲವೆಂದು ಹೇಳುವಂತಿಲ್ಲ. ಅದನ್ನು ಬೇರೆಯವರು ತುಂಬುತ್ತಿದ್ದರು, ಅಷ್ಟೆ. ಮೈಸೂರು ವಾಸುದೇವಾಚಾರ್ಯರು (1865–1961) ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಲು ತಿರುವೈಯಾರಿಗೆ ತೆರಳಿದಾಗ ಅವರ ಬೆನ್ನಿಗೆ ಮೈಸೂರು ಅರಮನೆಯ ನೆರವಿತ್ತು, ಮತ್ತು ಅಂದಿನ ಗುರುಕುಲ ಪದ್ಧತಿಯಲ್ಲಿ, ಅಂದರೆ ಶಿಷ್ಯನು ಗುರುವಿನ ಮನೆಯಲ್ಲಿಯೇ ಇದ್ದು ಕಲಿಯುವ ವ್ಯವಸ್ಥೆಯಲ್ಲಿ, ಬಾಡಿಗೆಯನ್ನು ಸೇವೆಯ ರೂಪದಲ್ಲಿ ತೀರಿಸಲಾಗುತ್ತಿತ್ತು. ನೀರು ಸೇದುವ, ತಂಬೂರಿ ಹೊರುವ ಹೊತ್ತೂ ಸಾಧನೆಯ ಹೊತ್ತನ್ನೇ ಕಡಿಮೆ ಮಾಡುತ್ತಿದ್ದಿರಬೇಕು; ಆದರೆ ಶಿಷ್ಯನ ಕಿವಿ ಗುರುವಿನ ಮನೆಯೊಳಗೇ ಇರುತ್ತಿದ್ದುದರಿಂದ ಆ ಹೊತ್ತೂ ಪೂರ್ತಿ ವ್ಯರ್ಥವಾಗುತ್ತಿರಲಿಲ್ಲ. ಇಂದಿನ ವಿದ್ಯಾರ್ಥಿಗೆ ಆಟೋದಲ್ಲಿ ಕಳೆದ ಹೊತ್ತಿನಿಂದ ಅಂಥ ಬಡ್ಡಿಯೇನೂ ಹುಟ್ಟುವುದಿಲ್ಲ.

ಚೆನ್ನೈನಲ್ಲಿ ಮನೆ ಹುಡುಕುವ ಸಂಗೀತ ವಿದ್ಯಾರ್ಥಿಗೆ ಮೊದಲು ಎದುರಾಗುವ ಪ್ರಶ್ನೆ ಬಾಡಿಗೆ ಎಷ್ಟೆಂಬುದಲ್ಲ, ಯಾವ ವಾದ್ಯ ಎಂಬುದು. ವೀಣೆಯೆಂದರೆ ಮನೆಯೊಡತಿಯ ಮುಖ ಅರಳುತ್ತದೆ, ಪಿಟೀಲೆಂದರೆ ಕ್ಷಣಕಾಲ ಯೋಚಿಸುತ್ತಾರೆ, ಮೃದಂಗವೆಂದರೆ ಮನೆ ಈಗಷ್ಟೇ ಬೇರೆಯವರಿಗೆ ಹೋಯಿತೆನ್ನುತ್ತಾರೆ. ಮೈಲಾಪುರ, ಮಂದವೇಲಿಗಳಂಥ ಸಂಗೀತಪ್ರಿಯ ಬಡಾವಣೆಗಳಲ್ಲಿಯೂ, ಕಚೇರಿಗೆ ತಪ್ಪದೆ ಹೋಗುವ ಹಿರಿಯರು ಮೇಲಿನ ಮಹಡಿಯಲ್ಲಿ ಬೆಳಗಿನ ಐದಕ್ಕೆ ಅದೇ ವರ್ಣವನ್ನು ಮೂರು ಕಾಲದಲ್ಲಿ ಕೇಳಲು ಸಿದ್ಧರಿರುವುದಿಲ್ಲ. ಮಧ್ಯಾಹ್ನದ ನಿದ್ದೆಯ ವೇಳೆಯ ನಿಯಮವಂತೂ ಕರಾರಿನಲ್ಲಿ ಬರೆಯದಿದ್ದರೂ ಕರಾರಿಗಿಂತ ಬಿಗಿಯಾದದ್ದು. ಪಿಟೀಲಿನ ಕುದುರೆಯ ಮೇಲೆ ಸಿಕ್ಕಿಸುವ ಮ್ಯೂಟ್ ಎಂಬ ಚಿಕ್ಕ ಸಾಧನವು ನಾದವನ್ನು ಅಡಗಿಸಿ ನೆರೆಹೊರೆಯ ಶಾಂತಿಯನ್ನು ಕಾಪಾಡುತ್ತದೆ, ಆದರೆ ಗಮಕದ ಸೂಕ್ಷ್ಮವನ್ನೂ ಅದೇ ಅಡಗಿಸುವುದರಿಂದ ಬೆರಳಿಗೆ ವ್ಯಾಯಾಮ ಸಿಕ್ಕರೂ ಕಿವಿಗೆ ಸಿಗುವುದಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗಲೇ ವಾದ್ಯವನ್ನು ಜೊತೆಗೆ ಒಯ್ದು, ಮುಂಗಡದ ಮಾತಿಗೆ ಮೊದಲು ಒಂದು ಕೃತಿಯನ್ನು ಪೂರ್ಣ ನಾದದಲ್ಲಿ ನುಡಿಸಿ ತೋರಿಸಿ, ನುಡಿಸಬಹುದಾದ ವೇಳೆಯನ್ನು ಕರಾರಿನಲ್ಲಿ ಒಂದು ಸಾಲಾಗಿ ಬರೆಸಿಕೊಳ್ಳುವ ಪದ್ಧತಿಯನ್ನು ಲೇಖಕಿ ಪಾಲಿಸಿದ್ದುಂಟು. ಮನೆಯ ಮಾಲೀಕರಿಗೆ ಇದು ವಿಚಿತ್ರವೆನಿಸಿದರೂ ನಂತರದ ಜಗಳವನ್ನು ಇದು ತಪ್ಪಿಸುತ್ತದೆ.

ಬಾಡಿಗೆಯ ತುಲನೆಯನ್ನು ಕಲ್ಪಿತ ಅಂಕಿಗಳಿಂದ ವಿವರಿಸಬಹುದು. ಮೂವರು ಹಂಚಿಕೊಳ್ಳುವ ಪಿಜಿ ಕೋಣೆಗೆ ತಿಂಗಳಿಗೆ 7,000 ರೂಪಾಯಿ, ಅಲ್ಲಿ ವಾದ್ಯ ತೆಗೆಯುವಂತಿಲ್ಲ. ನುಡಿಸಲು ಅಡ್ಡಿಯಿಲ್ಲದ ಒಂಟಿ ಕೋಣೆಗೆ 11,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಇರುವವರು ಸಾಧನೆಗಾಗಿ ಕಾಲೇಜಿನ ಕೊಠಡಿಯನ್ನೋ ಗೆಳತಿಯ ಮನೆಯನ್ನೋ ಆಶ್ರಯಿಸಬೇಕಾಗಿ, ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆ ಕಳೆದರೆ, 26 ದಿನಗಳ ತಿಂಗಳಿಗೆ 39 ಗಂಟೆ ಕೈಬಿಡುತ್ತದೆ. ಉಳಿದ 4,000 ರೂಪಾಯಿಯನ್ನು ಆ ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 103 ರೂಪಾಯಿ ಬರುತ್ತದೆ. ಅಂದರೆ ಅಗ್ಗದ ಕೋಣೆಯನ್ನು ಹಿಡಿದವರು ತಮ್ಮ ಒಂದು ಗಂಟೆಯನ್ನು 103 ರೂಪಾಯಿಗೆ ಮಾರಿದಂತಾಗುತ್ತದೆ. ಆ ಬೆಲೆ ಕಡಿಮೆಯೋ ಹೆಚ್ಚೋ ಎಂಬುದು ಅವರ ಸಂಭಾವನೆಯ ಗಂಟೆವಾರು ದರವನ್ನು ಅವಲಂಬಿಸಿದ್ದು, ಅದನ್ನು ಮುಂದೆ ನೋಡಬಹುದು. ಬೀಚ್ ನಿಲ್ದಾಣದಿಂದ ವೇಳಚೇರಿಗೆ ಹೋಗುವ ಎಂಆರ್‌ಟಿಎಸ್ ರೈಲು ಮದ್ರಾಸ್ ವಿಶ್ವವಿದ್ಯಾಲಯವಿರುವ ಚೇಪಾಕ್, ಸಭಾಗಳ ನೆರೆಯ ತಿರುಮಯಿಲೈ, ಮಂದವೇಲಿ, ಮುಂದೆ ತಿರುವಾನ್ಮಿಯೂರು, ಇವೆಲ್ಲವನ್ನೂ ಒಂದೇ ದಾರಿಯಲ್ಲಿ ಪೋಣಿಸುವುದರಿಂದ, ಈ ಹಳಿಗೆ ನಡೆದು ಮುಟ್ಟುವಷ್ಟು ಹತ್ತಿರದ ಕೋಣೆಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲವೆಂಬುದು ಲೇಖಕಿಯ ಖಚಿತ ಅಭಿಪ್ರಾಯ.

ಮುಂಗಡದ ವಿಷಯದಲ್ಲಿ, ತಮಿಳುನಾಡಿನಲ್ಲಿ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ 2017ರ ಬಾಡಿಗೆ ಕಾಯ್ದೆಯು ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದೂ, ಕರಾರು ಲಿಖಿತವಾಗಿರಬೇಕೆಂದೂ ಹೇಳುತ್ತದೆ. ಬೆಂಗಳೂರಿನ ಹತ್ತು ತಿಂಗಳ ರೂಢಿಯನ್ನು ತಲೆಯಲ್ಲಿಟ್ಟುಕೊಂಡು ಹೋದವರು ಇದನ್ನು ಮೊದಲೇ ತಿಳಿದಿದ್ದರೆ ಚೌಕಾಸಿಗೆ ನೆಲೆ ಸಿಗುತ್ತದೆ. ವಿದ್ಯುತ್ ಬಿಲ್ಲು ಅಲ್ಲಿ ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದರ ಹಣವನ್ನು ಪ್ರತಿ ತಿಂಗಳೂ ತೆಗೆದಿಡುವುದು ಕ್ಷೇಮ.

ವರಮಾನದ ಕಡೆಗೆ ತಿರುಗಿದರೆ, ಸ್ವತಂತ್ರ ವೃತ್ತಿ, ಅಂದರೆ ಯಾವ ಸಂಸ್ಥೆಯ ಸಂಬಳಕ್ಕೂ ಒಳಪಡದೆ ಕರೆ ಬಂದಂತೆ ನುಡಿಸಿ ಪಡೆಯುವ ಸಂಪಾದನೆ, ಹೊರಗಿನವರು ಊಹಿಸುವುದಕ್ಕಿಂತ ತೀರ ಬೇರೆಯಾದ ಕ್ರಮದಲ್ಲಿ ಏರಿಳಿಯುತ್ತದೆ. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯ ಸುತ್ತ ಬೆಳೆದ ಡಿಸೆಂಬರ್ ಸೀಸನ್ನು ಚೆನ್ನೈನ ಸಂಗೀತಗಾರರಿಗೆ ಅತ್ಯಂತ ಬಿಡುವಿಲ್ಲದ ಕಾಲ. ಆದರೆ ಕಿರಿಯ ಪಕ್ಕವಾದ್ಯಗಾರರ ಮಟ್ಟಿಗೆ ಅದು ಅತ್ಯಂತ ಬಡ ಕಾಲವೂ ಹೌದು. ಆ ಹೊತ್ತಿಗೇ ಬರುವ ಮಾರ್ಗಳಿ, ಅಂದರೆ ಕನ್ನಡದ ಧನುರ್ಮಾಸವು, ಮದುವೆಗಳಿಗೆ ಒಗ್ಗದ ಮಾಸವೆಂಬ ನಂಬಿಕೆಯಿಂದ ಆರತಕ್ಷತೆಯ ಕಚೇರಿಗಳು ಪೂರ್ತಿ ನಿಂತುಹೋಗುತ್ತವೆ, ಆ ಸ್ಥಾನದಲ್ಲಿ ಬರುವ ಸಭಾಗಳ ಮಧ್ಯಾಹ್ನದ ಕಚೇರಿಗಳಲ್ಲಿ ಸಂಭಾವನೆ ಹೆಸರಿಗಷ್ಟೇ ಇರುತ್ತದೆ. ಎಷ್ಟೋ ಸಲ ಮುಖ್ಯ ಗಾಯಕರು ಪಕ್ಕವಾದ್ಯದವರಿಗೆ ತಮ್ಮ ಕೈಯಿಂದಲೇ ಕೊಡಬೇಕಾಗುತ್ತದೆ, ಅವರೂ ವಿದ್ಯಾರ್ಥಿಗಳೇ ಆಗಿರುವಾಗ ಕೇಳುವುದಕ್ಕೂ ಸಂಕೋಚ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಡಿ ಮಾಸದಲ್ಲಿಯೂ ಮದುವೆಗಳಿಲ್ಲ. ಹೀಗಾಗಿ ವರ್ಷದ ಒಟ್ಟು ವರಮಾನವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಬಜೆಟ್ಟು ಮಾಡುವ ಸಂಬಳದಾರರ ವಿಧಾನ ಇಲ್ಲಿ ನಡೆಯದು. ತೀರ ಬಡವಾದ ಮೂರು ತಿಂಗಳುಗಳ ವರಮಾನವನ್ನು ನೋಡಿ, ಬಾಡಿಗೆ ಮತ್ತು ಊಟದ ಖರ್ಚು ಅದರೊಳಗೆ ಕೂರುವಂತೆ ಹೊಂದಿಸಿ, ಮದುವೆಯ ತಿಂಗಳುಗಳ ಹೆಚ್ಚುವರಿಯನ್ನು ಬೇರೆಯೇ ಖಾತೆಗೆ ದಾಟಿಸುವುದು ಲೇಖಕಿ ಕಂಡ ಪಕ್ಕವಾದ್ಯಗಾರರಲ್ಲಿ ನೆಮ್ಮದಿಯಾಗಿದ್ದವರ ಕ್ರಮ. ಸೀಸನ್ನಿನ ಕಚೇರಿಗಳನ್ನು ಹಾಗೆಂದು ಬಿಡುವಂತಿಲ್ಲ, ಮುಂದಿನ ವರ್ಷದ ಕರೆಗಳು ಅಲ್ಲಿಂದಲೇ ಹುಟ್ಟುತ್ತವೆ. ಅವನ್ನು ವರಮಾನದ ಪುಟದಿಂದ ತೆಗೆದು ವೆಚ್ಚದ ಪುಟದಲ್ಲಿ ಬರೆದುಕೊಂಡರೆ ಮನಸ್ಸಿಗೆ ಹಿತ.

ಸ್ಥಿರವಾದ ಹಣವಿರುವುದು ಭರತನಾಟ್ಯದ ಜೊತೆಯಲ್ಲಿ. ರಂಗಪ್ರವೇಶಕ್ಕೆ, ಅಂದರೆ ಶಿಷ್ಯೆಯ ಮೊದಲ ಪೂರ್ಣಪ್ರಮಾಣದ ನೃತ್ಯ ಪ್ರದರ್ಶನಕ್ಕೆ, ನಟುವಾಂಗ, ಹಾಡುಗಾರಿಕೆ, ಮೃದಂಗಗಳ ಜೊತೆ ಪಿಟೀಲೂ ಬೇಕಾಗುತ್ತದೆ, ಮತ್ತು ತಂದೆತಾಯಿ ಅದಕ್ಕೆಂದೇ ಹಣ ಕೂಡಿಟ್ಟಿರುತ್ತಾರೆ. ಆದರೆ ಇಲ್ಲಿ ಗಂಟೆಯ ಕಾಲಮ್ಮನ್ನು ಕಡ್ಡಾಯವಾಗಿ ನೋಡಬೇಕು. ಮೊತ್ತ 10,000 ರೂಪಾಯಿಯೆಂದು ಮಾತಾಗಿ, ಎಂಟು ಅಭ್ಯಾಸಗಳಿಗೆ ತಲಾ ಮೂರು ಗಂಟೆ, ಪ್ರಯಾಣಕ್ಕೆ ತಲಾ ಒಂದೂವರೆ, ಪ್ರದರ್ಶನದ ದಿನ ಆರು ಗಂಟೆ ಹಿಡಿದರೆ ಒಟ್ಟು 42 ಗಂಟೆಗಳಾಗಿ, ಗಂಟೆಗೆ ಸುಮಾರು 238 ರೂಪಾಯಿ ಬೀಳುತ್ತದೆ. 4,000 ರೂಪಾಯಿಯ ಆರತಕ್ಷತೆಯ ಕಚೇರಿ ಪ್ರಯಾಣ ಸೇರಿ ನಾಲ್ಕೂವರೆ ಗಂಟೆಯಲ್ಲಿ ಮುಗಿಯುವುದರಿಂದ ಅದು ಗಂಟೆಗೆ ಸುಮಾರು 890. ವರ್ಣದ ಒಂದೇ ಚರಣಸ್ವರವನ್ನು ಹುಡುಗಿಯ ಅರುದಿ, ಅಂದರೆ ಮುಕ್ತಾಯದ ಹೆಜ್ಜೆ, ಕೂಡುವವರೆಗೆ ಮತ್ತೆ ಮತ್ತೆ ನುಡಿಸುತ್ತ ಕೂರುವ ಅಭ್ಯಾಸದ ಮಧ್ಯಾಹ್ನಗಳಲ್ಲಿ ಪಿಟೀಲುಗಾರ್ತಿಗೆ ತನ್ನ ಕಲಿಕೆ ಬಹಳವೇನೂ ಆಗುವುದಿಲ್ಲ. ಅಭ್ಯಾಸಗಳ ಸಂಖ್ಯೆಯನ್ನು ಒಪ್ಪಂದದ ಮೊದಲ ಮಾತಿನಲ್ಲಿಯೇ ಗೊತ್ತುಮಾಡಿ, ಮೀರಿದ ಪ್ರತಿಯೊಂದಕ್ಕೆ ಬೇರೆ ಮೊತ್ತವೆಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿಟ್ಟರೆ ಈ ಕೆಲಸಕ್ಕೆ ನ್ಯಾಯವಾದ ಬೆಲೆ ಬರುತ್ತದೆ. ಹಾಗಿದ್ದರೂ 238 ರೂಪಾಯಿಯು ಮೇಲೆ ಕಂಡ 103ಕ್ಕಿಂತ ಎರಡು ಪಟ್ಟು ಹೆಚ್ಚು ಎಂಬುದನ್ನು ಗಮನಿಸಬೇಕು: ಕಡಿಮೆ ದರದ ರಂಗಪ್ರವೇಶದ ಕೆಲಸ ಮಾಡುವವರಿಗೂ ನುಡಿಸಲು ಬಿಡದ ಅಗ್ಗದ ಕೋಣೆ ತುಟ್ಟಿಯೇ.

ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವುದು ಇನ್ನೊಂದು ದಾರಿ, ಅದರ ದರವೂ ಊರಿನ ಪಾಠಕ್ಕಿಂತ ಹೆಚ್ಚು. ಭಾರತದ ಬೆಳಗಿನ ಆರು ಗಂಟೆಯೆಂದರೆ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿಯ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಹೀಗಾಗಿ ಆ ಡಾಲರುಗಳಿಗೆ ಬದಲಾಗಿ ಮಾರಾಟವಾಗುವುದು ಸಾಧನೆಗೆ ಅತ್ಯುತ್ತಮವೆಂದು ಎಲ್ಲ ಗುರುಗಳೂ ಹೇಳುವ ಬೆಳಗಿನ ಜಾವವೇ. ವಾರದಲ್ಲಿ ಎರಡು ಬೆಳಗುಗಳಿಗಿಂತ ಹೆಚ್ಚನ್ನು ಮಾರದಿರುವುದು ವಿವೇಕ.

ವಿದ್ಯಾರ್ಥಿವೇತನಗಳ ಪೈಕಿ ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25ರ ವಯಸ್ಸಿನ ಯುವ ಕಲಾವಿದರಿಗೆ ಕೊಡುವ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷಗಳ ನೆರವು ಸ್ನಾತಕೋತ್ತರ ಅವಧಿಗೆ ಸರಿಯಾಗಿ ಹೊಂದುತ್ತದೆ. ಆದರೆ ಅದು ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬರುವ ಹಣವಾದ್ದರಿಂದ, ಅದನ್ನು ನಂಬಿ ತಿಂಗಳ ಬಾಡಿಗೆಗೆ ಮಾತು ಕೊಡಬಾರದು, ಬಡ ತಿಂಗಳುಗಳ ಖಾತೆಗೆ ಸೇರಿಸಬೇಕು. ಪದವಿಯ ಮುಂದಿನ ಬೆಲೆಯನ್ನು ಲೆಕ್ಕ ಹಾಕುವವರು ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯವೆಂಬುದನ್ನು, ಅದರ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿರುವುದನ್ನು ನೆನಪಿಡಬಹುದು.

ತೆರಿಗೆಯ ಮಾತು ಸಂಗೀತಗಾರರಿಗೆ ಬೇಸರ ತರುತ್ತದೆ, ಏಕೆಂದರೆ ಸಂಭಾವನೆಯು ತೆಂಗಿನಕಾಯಿ, ಎಲೆಅಡಿಕೆಗಳ ಜೊತೆ ತಟ್ಟೆಯಲ್ಲಿಟ್ಟ ಕವರಿನಲ್ಲಿ ಬರುತ್ತದೆ, ಕವರನ್ನು ಅಲ್ಲಿಯೇ ತೆರೆಯುವುದು ಶಿಷ್ಟಾಚಾರವಲ್ಲ, ಮನೆಗೆ ಬಂದ ಮೇಲೆ ಬರೆದಿಡುವ ರೂಢಿಯಿಲ್ಲ. ಕಂಪನಿಗಳು ಮತ್ತು ದೊಡ್ಡ ಸಂಸ್ಥೆಗಳು ಮಾತ್ರ ಈ ಹಣವನ್ನು ವೃತ್ತಿಪರ ಶುಲ್ಕವೆಂದು ಪರಿಗಣಿಸಿದಾಗ, ವರ್ಷದಲ್ಲಿ ಒಬ್ಬರಿಗೆ ಕೊಟ್ಟ ಮೊತ್ತವು ಮಿತಿಯನ್ನು ದಾಟಿದರೆ ಶೇಕಡಾ 10ರಷ್ಟನ್ನು ಮೂಲದಲ್ಲಿಯೇ ಹಿಡಿಯುತ್ತವೆ. ಆ ಮಿತಿಯು 2025ರ ಏಪ್ರಿಲ್ 1ರಿಂದ 30,000ದಿಂದ 50,000 ರೂಪಾಯಿಗೆ ಏರಿದೆ. ವಿದ್ಯಾರ್ಥಿಯ ಒಟ್ಟು ವರಮಾನವು ತೆರಿಗೆಯ ಮಟ್ಟಕ್ಕೆ ಬರದಿರುವುದೇ ಹೆಚ್ಚಾದ್ದರಿಂದ, ರಿಟರ್ನ್ ಸಲ್ಲಿಸಿದರೆ ಆ ಹಣ ಮರಳುತ್ತದೆ, ಸಲ್ಲಿಸದಿದ್ದರೆ ಸರ್ಕಾರದಲ್ಲಿಯೇ ಉಳಿಯುತ್ತದೆ. ವರಮಾನದ ಅರ್ಧವನ್ನೇ ಲಾಭವೆಂದು ತೋರಿಸುವ ಸರಳ ಸೌಲಭ್ಯಕ್ಕೆ ಸಂಬಂಧಿಸಿದ ವೃತ್ತಿಗಳ ಪಟ್ಟಿಯಲ್ಲಿ ಸಿನಿಮಾದ ಗಾಯಕರು ಮತ್ತು ಸಂಗೀತ ನಿರ್ದೇಶಕರು ಹೆಸರು ಹಿಡಿದು ಸೇರಿದ್ದಾರೆ, ಕಚೇರಿಯ ಪಿಟೀಲುಗಾರರು ಹಾಗೆ ಸೇರಿಲ್ಲ. ಆದ್ದರಿಂದ ತಂತಿ, ಕಮಾನಿನ ಕೂದಲು, ರೈಲು ಟಿಕೆಟ್ಟುಗಳ ರಸೀದಿಗಳನ್ನು ಕೂಡಿಟ್ಟು ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣುವುದೇ ಸರಿ. ಸಮುದ್ರದ ಗಾಳಿಗೆ ಉಕ್ಕಿನ ತಂತಿಗಳು ಮೈಸೂರಿನಲ್ಲಿಗಿಂತ ಬೇಗ ತುಕ್ಕು ಹಿಡಿಯುವುದರಿಂದ ಈ ರಸೀದಿಗಳ ಕಟ್ಟು ದಪ್ಪವಾಗಿಯೇ ಇರುತ್ತದೆ. ಶಾಸ್ತ್ರೀಯ ಸಂಗೀತದ ಪ್ರದರ್ಶನಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ, ವಿದ್ಯಾರ್ಥಿಗಳಿಗೆ ಆ ಚಿಂತೆ ಸದ್ಯಕ್ಕಿಲ್ಲ.

ಊರು ಬಿಟ್ಟುದರ ಒಂದು ಆದಾಯವು ವಿಚಿತ್ರವಾಗಿ ಬಿಟ್ಟ ಊರಿನಿಂದಲೇ ಬರುತ್ತದೆ. 1939ರಲ್ಲಿ ಆರಂಭವಾದ ಬೆಂಗಳೂರಿನ ಶ್ರೀ ರಾಮಸೇವಾ ಮಂಡಳಿಯ ಉತ್ಸವದಿಂದ ಹಿಡಿದು ಬಡಾವಣೆಯ ಪೆಂಡಾಲಿನವರೆಗೆ, ರಾಮನವಮಿಯ ಸುತ್ತಿನ ವಾರಗಳಲ್ಲಿ ಕರ್ನಾಟಕದ ತುಂಬ ಕಚೇರಿಗಳು ನಡೆಯುತ್ತವೆ, ಮತ್ತು ಮೈಸೂರಿನಲ್ಲಿದ್ದಾಗ ಪಾನಕ, ಕೋಸಂಬರಿಗಳ ಜೊತೆ ಚಿಕ್ಕ ಕವರು ಪಡೆಯುತ್ತಿದ್ದ ಅದೇ ಪಿಟೀಲುಗಾರ್ತಿಯ ಹೆಸರಿನ ಮುಂದೆ ಕರಪತ್ರದಲ್ಲಿ ‘ಚೆನ್ನೈ’ ಎಂದು ಅಚ್ಚಾದ ವರ್ಷದಿಂದ ಕವರು ದಪ್ಪವಾಗುತ್ತದೆ. ನುಡಿಸಾಣಿಕೆಯಲ್ಲಿ ಅಷ್ಟರೊಳಗೆ ಅಷ್ಟು ವ್ಯತ್ಯಾಸವೇನೂ ಆಗಿರುವುದಿಲ್ಲ, ಸಂಘಟಕರಿಗೂ ಅದು ಗೊತ್ತು. ಆದರೆ ಚೆನ್ನೈಯಿಂದ ಮೈಸೂರಿಗೆ ಹೋಗಿಬರುವ ರೈಲು ಚಾರ್ಜು ಆ ಹೆಚ್ಚುವರಿಯನ್ನು ಬೇಗ ಕರಗಿಸುವುದರಿಂದ, ಚಾರ್ಜನ್ನು ಸಂಭಾವನೆಯಿಂದ ಬೇರೆ ಮಾಡಿ ಮೊದಲೇ ಕೇಳುವುದು ಒಳಿತು. ಊರಿನ ಹಿರಿಯರನ್ನು ಹಾಗೆ ಕೇಳಲು ಸಂಕೋಚವಾಗುವವರು ಒಂದೇ ಪ್ರಯಾಣಕ್ಕೆ ಎರಡು ಮೂರು ಊರುಗಳ ಕಚೇರಿಗಳನ್ನು ಸೇರಿಸಿ ಒಪ್ಪಿಕೊಳ್ಳುತ್ತಾರೆ, ಲೇಖಕಿ ಇಂದಿಗೂ ಮಾಡುವುದು ಹಾಗೆಯೇ.