ಸವಳು ನೆಲದಲ್ಲಿ ಬೇರುಗಂಟಿನ ಬ್ಯಾಕ್ಟೀರಿಯಾ ಬದುಕುವ ಬಗೆ

ರಾಯಚೂರು ತಾಲ್ಲೂಕಿನ ಕಲ್ಮಲ ಹಾಗೂ ಮಾನ್ವಿ ಸೀಮೆಯಲ್ಲಿ ಎರೆಭೂಮಿಯೇ ಹೆಚ್ಚು. 1953ರಲ್ಲಿ ತುಂಗಭದ್ರಾ ಆಣೆಕಟ್ಟು ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ರಾಯಚೂರು ಜಿಲ್ಲೆಗೆ ಹರಿದ ಮೇಲೆ ಬೆಳೆ ಹೆಚ್ಚಿತು. ಜೊತೆಗೆ, ನೀರು ಬಸಿಯದ ತಗ್ಗು ಜಮೀನುಗಳಿಗೆ ಸವಳು-ಜವಳಿನ ಪೀಡೆಯೂ ಅಂಟಿತು. ಇಂಥ ಹೊಲದಲ್ಲಿ ಕಡಲೆ, ತೊಗರಿ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿದರೂ ಬೇರಿನಲ್ಲಿ ಗಂಟು ಸರಿಯಾಗಿ ಕಟ್ಟದಿರುವುದುಂಟು. ಪೊಟ್ಟಣವನ್ನು ದೂರುವ ಮುನ್ನ ಮಣ್ಣಿನೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯುವುದು ಲೇಸು.

ಉಪ್ಪಿನಕಾಯಿಗೆ ಮಾವಿನ ಹೋಳು ಹಾಕಿ ಉಪ್ಪು ಬೆರೆಸಿದರೆ ಹೋಳು ನೀರು ಬಿಟ್ಟು ಮುರುಟುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಸೆಳೆಯುವುದೇ ಇದಕ್ಕೆ ಕಾರಣ. ಸವಳು ಮಣ್ಣಿನಲ್ಲಿ ಬ್ಯಾಕ್ಟೀರಿಯಾದ ಸ್ಥಿತಿಯೂ ಇದೇ. ನೀರು ಕಳೆದುಕೊಂಡ ಜೀವಕೋಶ ಬೆಳೆಯಲಾರದು.

ಈ ಕಷ್ಟದಿಂದ ಪಾರಾಗಲು ಅದು ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಪೊಟ್ಯಾಷಿಯಂ ಅನ್ನು ಬೇಗನೆ ಒಳಗೆ ಎಳೆದುಕೊಳ್ಳುತ್ತದೆ. ಇದು ತಾತ್ಕಾಲಿಕ ಉಪಾಯ. ಅನಂತರ ಗ್ಲೈಸೀನ್ ಬೀಟೇನ್, ಪ್ರೋಲೀನ್, ಟ್ರೆಹಲೋಸ್ ಮುಂತಾದ ದ್ರಾವ್ಯಗಳನ್ನು ಕೂಡಿಡುತ್ತದೆ. ಇವು ಒಳಗೆ ಎಷ್ಟೇ ಸೇರಿದರೂ ಜೀವಕೋಶದ ಕೆಲಸಕ್ಕೆ ಅಡ್ಡಿ ಮಾಡದೆ ನೀರನ್ನು ಹಿಡಿದಿಡುತ್ತವೆ.

ಈ ದ್ರಾವ್ಯಗಳನ್ನು ತಾನೇ ತಯಾರಿಸಲು ಬ್ಯಾಕ್ಟೀರಿಯಾಕ್ಕೆ ಬಹಳ ಶಕ್ತಿ ಬೇಕು. ಹೊರಗೆ ಸಿಕ್ಕಿದ್ದನ್ನು ತರುವುದು ಅಗ್ಗ. ಅದಕ್ಕಾಗಿ ಜೀವಕೋಶದ ಪೊರೆಯಲ್ಲಿ ಸಾಗಾಣಿಕೆ ಪ್ರೋಟೀನುಗಳಿವೆ. ಉಪ್ಪು ಏರಿದೊಡನೆ ಇವು ಚುರುಕಾಗುತ್ತವೆ. ಕುದುರೆಮೆಂತ್ಯದ ಗಂಟಿನ ಬ್ಯಾಕ್ಟೀರಿಯಾದಲ್ಲಿ ಬೀಟೇನ್ ಸಾಗಿಸುವ ಇಂಥ ಒಂದು ಪ್ರೋಟೀನಿಗೆ ಬೆಟ್-ಎಸ್ ಎಂದು ಹೆಸರು. ಬೀಟೇನ್‌ನಂಥ ವಸ್ತುಗಳು ಮಣ್ಣಿಗೆ ಬರುವುದು ಬೇರಿನ ಸ್ರಾವದಿಂದ ಮತ್ತು ಕೊಳೆಯುವ ಸಸ್ಯಾವಶೇಷದಿಂದ. ಸಾವಯವ ಗೊಬ್ಬರವಿಲ್ಲದ ಸವಳು ನೆಲದಲ್ಲಿ ಈ ನೆರವು ಕಡಿಮೆ.

ಜೋರು ಮಳೆ ಬಿದ್ದಾಗ ಸಂಕಟ ತಿರುಗುಮುರುಗಾಗುತ್ತದೆ. ಸಿಹಿನೀರು ಒಳನುಗ್ಗಿ ಜೀವಕೋಶ ಒಡೆಯುವಂತಾಗುತ್ತದೆ. ಆಗ ಪೊರೆಯ ಒತ್ತಡದ ಕಿಂಡಿಗಳು ಕ್ಷಣಮಾತ್ರದಲ್ಲಿ ತೆರೆದು ದ್ರಾವ್ಯವನ್ನು ಹೊರಬಿಡುತ್ತವೆ. ತುಂಬಿದ ಕೆರೆಗೆ ಕೋಡಿ ಇದ್ದಂತೆ.

ಒಂದು ಮಾತು ಮರೆಯಬಾರದು. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ತಡೆಯುವಷ್ಟು ಉಪ್ಪನ್ನು ದ್ವಿದಳ ಬೆಳೆ ತಡೆಯದು. ಬೇರು ಸೊರಗಿದರೆ ಗಂಟು ಕಟ್ಟುವುದೂ ನಿಲ್ಲುತ್ತದೆ. ಆದ್ದರಿಂದ ಪೊಟ್ಟಣವೊಂದೇ ಸವಳಿಗೆ ಮದ್ದಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು:

1. ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಬೇಕು. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಅದು ಸವಳು ನೆಲ.

2. ಮೊದಲು ಬಸಿಗಾಲುವೆ ತೋಡಿ, ನಂತರ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಬಸಿಯಬೇಕು. ರಸಸಾರ 8.5 ಮೀರಿದ ಕರ್ಲು ಭೂಮಿಗೆ ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ಹಾಕಬೇಕು.

3. ತಿಪ್ಪೆಗೊಬ್ಬರ ಹಾಕಬೇಕು. ಉಪ್ಪು ತಡೆಯುವ ಡಯಂಚಾ ಬೆಳೆದು, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು.

4. ಆಯಾ ಬೆಳೆಗೆ ತಕ್ಕ ರೈಜೋಬಿಯಂ ಅನ್ನು ಆರಿದ ಬೆಲ್ಲದ ಪಾಕದೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಕೂಡಲೇ ಬಿತ್ತಬೇಕು. ಲೇಪಿಸಿದ ಬೀಜವನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಬಾರದು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಸುಧಾರಣೆ ಕುರಿತು ಸಂಶೋಧನೆ ನಡೆದಿದೆ. ರೈತ ಬಾಂಧವರು ಅಲ್ಲಿಯ ತಜ್ಞರ ಸಲಹೆ ಪಡೆಯಬಹುದು. ನೀರು ಬಸಿಯುವ, ಗೊಬ್ಬರ ಉಂಡ ನೆಲದಲ್ಲಿ ಬ್ಯಾಕ್ಟೀರಿಯಾವೂ ಬಾಳುತ್ತದೆ, ಬೆಳೆಯೂ ಬಾಳುತ್ತದೆ.