ಗಾಜಿನ ಗೀರೂ ಬೋನಸ್ಸಿನ ಲೆಕ್ಕವೂ

ಕಳೆದ ಕಬ್ಬಿನ ಹಂಗಾಮಿನ ಕೊನೆಗೆ ನಾನು ನನ್ನ ಕಾರಿನ ಮುಂದಿನ ಗಾಜನ್ನು, ಅದು ಒಡೆಯದೆ ಸೀಳದೆ ಇರುವಾಗಲೇ, ವೈಪರ್ ಎಳೆದ ಅರ್ಧಚಂದ್ರಾಕೃತಿಯ ಸೂಕ್ಷ್ಮ ಗೀರುಗಳ ನಿಮಿತ್ತವಾಗಿ, 9,000 ರೂಪಾಯಿಗಳನ್ನು ಕೈಯಿಂದ ತೆತ್ತು ಬದಲಾಯಿಸಿದೆನು. ವಿಮೆಯಿದ್ದೂ ಅದನ್ನು ಮುಟ್ಟದಿದ್ದುದು ಮಿತ್ರರಿಗೆ ದುಂದುವೆಚ್ಚವಾಗಿ ಕಂಡಿತು.

ನಮ್ಮ ಗೋಕಾಕ ಸೀಮೆಯ ಧೂಳು ಗಾಜಿಗೆ ಸಹಜಶತ್ರು. ಗೋಕಾಕದಲ್ಲಿ ಘಟಪ್ರಭೆಯು 52 ಮೀಟರು ಧುಮುಕುವ ಬಂಡೆಯು ಯಾವ ಮರಳುಗಲ್ಲಿನದೋ ಅದು ಬಹುಮಟ್ಟಿಗೆ ಬೆಣಚುಕಲ್ಲಿನ ಕಣಗಳಿಂದಾದುದು. ಮೋಹ್ಸ್ ಮಾನದಲ್ಲಿ ಬೆಣಚುಕಲ್ಲಿನ ಕಾಠಿನ್ಯ 7, ಗಾಜಿನದು ಸುಮಾರು 5.5. ಇಂಥ ಕಣಗಳು ಬೆರೆತ ಧೂಳು ಕವಿದ ಗಾಜಿನ ಮೇಲೆ ನೀರು ಚಿಮ್ಮಿಸದೆ ವೈಪರನ್ನು ಓಡಿಸಿದರೆ ಪ್ರತಿಯೊಂದು ಬೀಸಿನಲ್ಲಿಯೂ ಗೆರೆ ಮೂಡುವುದು. ಹಗಲಲ್ಲಿ ಅದು ಕಾಣದು. ಮೂಡಲಗಿಯ ರಸ್ತೆಯಲ್ಲಾಗಲಿ, ಹುಕ್ಕೇರಿಯಿಂದ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯತ್ತ ಹೋಗುವ ದಾರಿಯಲ್ಲಾಗಲಿ, ರಾತ್ರಿ ಎದುರಿನ ಹೆಡ್‌ಲೈಟು ಆ ಗೆರೆಗಳಲ್ಲಿ ಚದರಿ ಕಣ್ಣು ಕುಕ್ಕಿದಾಗ, ಹಿಂಬದಿ ದೀಪವಿಲ್ಲದೆ ಸಾಗುವ ಕಬ್ಬಿನ ಟ್ರೇಲರು ತೀರ ಸಮೀಪಕ್ಕೆ ಬರುವವರೆಗೂ ಗೋಚರಿಸುವುದಿಲ್ಲ.

ವಿಮೆಯ ಏಜೆಂಟರು ಸುಲಭೋಪಾಯ ಹೇಳಿದರು: “ಕಲ್ಲ ಬಡದೈತಿ ಅಂತ ಬರದ ಕೊಡ್ರಿ ಸರ, ಮುಂದಿಂದು ನಾ ನೋಡ್ಕೋತೀನಿ.” ಸವೆತಕ್ಕೆ ಪಾಲಿಸಿಯಲ್ಲಿ ಪರಿಹಾರವಿಲ್ಲವೆಂಬುದನ್ನು ಅವರು ಬಲ್ಲರು, ಸುಳ್ಳು ಬರೆದುಕೊಡುವುದು ನನಗೆ ಸಮ್ಮತವಲ್ಲ. ನಿಜವಾಗಿಯೂ ಕಲ್ಲೇ ಬಡಿದಿದ್ದರೂ ಲಾಭವಿತ್ತೇ ಎಂಬುದನ್ನು ವಾಚಕರು ನನ್ನೊಡನೆ ಎಣಿಸಿ ನೋಡಲಿ.

ರಿಯಾಯಿತಿಗೆ ಮುನ್ನ ನನ್ನ ಓಡಿ (ಸ್ವಂತ ವಾಹನದ ಹಾನಿಯ) ಪ್ರೀಮಿಯಂ 8,000 ರೂಪಾಯಿ. ಎನ್‌ಸಿಬಿ, ಎಂದರೆ ಕ್ಲೇಮು ಹಾಕದ ವರ್ಷಗಳಿಗೆ ಸಿಗುವ ಬೋನಸ್ಸಿನ ರಿಯಾಯಿತಿ, ಶೇ. 45, ಬರುವ ನವೀಕರಣಕ್ಕೆ 50. ಕ್ಲೇಮು ಹಾಕಿದೊಡನೆ ಅದು ಸೊನ್ನೆ. ಅನಂತರ 20, 25, 35, 45 ಎಂದು ಮತ್ತೆ ಮೊದಲಿನಿಂದ ಏರಬೇಕು. ಆದಕಾರಣ ಮೊದಲ ವರ್ಷ ಕಳೆದುಕೊಳ್ಳುವುದು 8,000ದ ಅರ್ಧ, ಎಂದರೆ 4,000. ಎರಡನೆಯ ವರ್ಷ ಶೇ. 30ರಂತೆ 2,400, ಮೂರನೆಯ ವರ್ಷ 2,000, ನಾಲ್ಕನೆಯದರಲ್ಲಿ 1,200, ಐದನೆಯದರಲ್ಲಿ 400. ಒಟ್ಟು ಸರಿಯಾಗಿ 10,000. ಬರುವುದೆಷ್ಟು? ಗಾಜಿಗೆ ಸವಕಳಿಯ ಕಡಿತವಿಲ್ಲ. 1,500 ಸಿಸಿಯೊಳಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಸಿಗುವುದು 8,000. ಐಡಿವಿಯೊಡನೆ, ಎಂದರೆ ಕಾರಿನ ವಿಮಾಮೌಲ್ಯದೊಡನೆ, ಪ್ರೀಮಿಯಮ್ಮೂ ವರ್ಷಕ್ಕೆ ಹತ್ತನೆಯ ಒಂದು ಭಾಗ ಇಳಿಯುವುದೆಂದು ಹಿಡಿದರೂ ನಷ್ಟ 8,900ರ ಆಸುಪಾಸಿನಲ್ಲಿಯೇ ನಿಲ್ಲುವುದು. ಆ ಐದು ವರ್ಷಗಳೊಳಗೆ ಬೇರೆ ದೊಡ್ಡ ಕ್ಲೇಮು ಅನಿವಾರ್ಯವಾದರೆ ಲೆಕ್ಕ ತಿರುಗೀತು, ಒಪ್ಪುವೆನು. ಆದರೆ ಹೊಸ ಕಾರು ಕೊಂಡರೆ ಎನ್‌ಸಿಬಿ ಮಾಲೀಕನೊಡನೆಯೇ ಬರುವುದಾದ್ದರಿಂದ, ದೊಡ್ಡ ಪ್ರೀಮಿಯಮ್ಮಿನ ಮೇಲೆ ಅದರ ಬೆಲೆ ಇನ್ನೂ ಹೆಚ್ಚುವುದೆಂಬುದನ್ನೂ ಮರೆಯಲಾಗದು.

ಗೀರನ್ನು ಉಜ್ಜಿ ತೆಗೆಯಲಾಗದೇ ಎಂದರೆ, ಬಾಗಿಲ ಗಾಜುಗಳಲ್ಲಿ ಅವಶ್ಯವಾಗಿ ಆದೀತು. ಉಗುರಿಗೆ ತಡೆಯದಷ್ಟು ತೆಳುವಾದ ಗೀರನ್ನು, ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಗಾಜು ಕಾಯದಂತೆ ಒದ್ದೆಯಾಗಿಟ್ಟುಕೊಂಡು, ಫೆಲ್ಟ್ ಪ್ಯಾಡಿನಿಂದ ತಾಳ್ಮೆಯಿಂದ ಉಜ್ಜಿದರೆ ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯುವುದು. ಚಾಲಕನ ಕಣ್ಣೆದುರಿನ ಗಾಜನ್ನು ಹಾಗೆ ತೇಯ್ದರೆ ಮೇಲ್ಮೈ ಅಲ್ಲಲ್ಲಿ ತಗ್ಗಾಗಿ ದೃಶ್ಯವೇ ಬಳುಕುವ ಅಪಾಯವುಂಟು. ಆ ಭಾಗದಲ್ಲಿ ಈ ಪ್ರಯೋಗ ಸಲ್ಲದು.

ಇನ್ನು ಟ್ಯೂಬಿನಲ್ಲಿ ಮಾರುವ ‘ಸ್ಕ್ರ್ಯಾಚ್ ರಿಮೂವರ್’ ಲೇಪಗಳು! ಇವುಗಳಲ್ಲಿ ಹಲವು ಗೀರನ್ನು ತೆಗೆಯುವುದಿಲ್ಲ, ಮೆತ್ತಿ ಮುಚ್ಚುತ್ತವೆ. ಕೆಲವು ಸಲ ತೊಳೆದರೆ ಲೇಪ ಹೋಗಿ ಗೀರು ಮರಳುವುದು. ಬಣ್ಣದ ಮೇಲಿನ ಗೀರಿಗೆಂದು ಮಾಡಿದ್ದನ್ನೇ ಗಾಜಿಗೂ ಆಗುತ್ತದೆಂದು ಮಾರುವವರ ಮಾತಿಗೆ ಒಂದು ಕಾಸನ್ನೂ ವ್ಯಯಿಸಬೇಡಿರಿ. ಟೂತ್‌ಪೇಸ್ಟ್ ಹಚ್ಚಿರೆಂಬ ಉಪದೇಶವನ್ನಂತೂ ಕೇಳಲೇಬೇಡಿರಿ.

ಬೆಳಗಿನಲ್ಲಿ ಒಣಬಟ್ಟೆಯಿಂದ ಗಾಜನ್ನು ಒರಸುವ ಅಭ್ಯಾಸ ನಮ್ಮಲ್ಲಿ ಮನೆಮನೆಗೂ ಇದೆ, ಅದನ್ನು ಬಿಡಬೇಕು. ಮೊದಲು ಧಾರಾಳವಾಗಿ ನೀರು, ಆಮೇಲೆ ಬಟ್ಟೆ. ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುವ ಮುನ್ನವೇ ವೈಪರಿನ ಬ್ಲೇಡುಗಳನ್ನು ಬದಲಿಸಿ, ಬಾನೆಟ್ಟಿನಡಿಯ ವಾಷರ್ ಟ್ಯಾಂಕನ್ನು ತುಂಬಿಸಿ, ತುಂತುರು ಗಾಜಿನ ಎರಡೂ ಬದಿಗೆ ತಲಪುವುದೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿರಿ.