ಕೇಳುವುದನ್ನು ನಿಲ್ಲಿಸಬೇಡ

ಮಗಳೇ, ನಿನ್ನ ತಮ್ಮ ಕುಡಿತ ಬಿಡಲಿ ಎಂದು ವರ್ಷಗಟ್ಟಲೆ ಜಪಸರ ಹಿಡಿದು ಬೇಡುತ್ತಿದ್ದೀಯೆ. ಅವನು ಮಾತ್ರ ಇದ್ದ ಹಾಗೇ ಇದ್ದಾನೆ. ‘ನನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆ ಇರಬೇಕು’ ಎಂದು ಮೊನ್ನೆ ನೀನು ಅಂದದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ.

ಉತ್ತರ ತಡವಾದರೆ ಅದನ್ನು ಶಿಕ್ಷೆ ಎಂದು ತಿಳಿಯಬೇಡ. ಜೆಕರೀಯ ಮತ್ತು ಎಲಿಜಬೇತರು ದೇವರ ದೃಷ್ಟಿಯಲ್ಲಿ ನೀತಿವಂತರಾಗಿ ಬಾಳಿದವರೆಂದು ಸಂತ ಲೂಕರು ಬರೆದಿದ್ದಾರೆ. ಆದರೂ ಮಗುವಿನ ಮುಖ ನೋಡಲು ಅವರು ಮುಪ್ಪಿನವರೆಗೂ ಕಾಯಬೇಕಾಯಿತು. ಕಾಯುತ್ತಿರುವವರೆಲ್ಲ ದೇವರಿಗೆ ಬೇಡವಾದವರಲ್ಲ.

ಸಂತ ಮೋನಿಕಾರ ಬದುಕನ್ನು ನೆನೆದುಕೊ. ಆಗಸ್ಟ್ 27 ಅವರ ಹಬ್ಬ, ಮರುದಿನವೇ ಮಗ ಅಗಸ್ಟೀನರದು. ಈಗ ಪೀಠದ ಮೇಲೆ ಕಾಣುವ ಆ ಮಗ ಹರೆಯದಲ್ಲಿ ತಾಯಿಯನ್ನು ಅಳಿಸಿದ್ದು ಕಡಿಮೆಯೇನಲ್ಲ. ಉತ್ತರ ಆಫ್ರಿಕದ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಆತ ಕಾರ್ಥೇಜಿಗೆ ಓದಲು ಹೋಗಿ, ತಾಯಿಯ ವಿಶ್ವಾಸವನ್ನು ತೊರೆದು, ಮಾನಿ ಎಂಬಾತನ ಪಂಥ ಸೇರಿ ಸುಮಾರು 9 ವರ್ಷ ಅದರ ಹಿಂದೆಯೇ ಇದ್ದ. ಮಗನ ಜೊತೆ ವಾದಿಸಿ ಬುದ್ಧಿ ಹೇಳಿ ಎಂದು ಮೋನಿಕಾ ಒಬ್ಬ ಧರ್ಮಾಧ್ಯಕ್ಷರ ಬಳಿ ಅಂಗಲಾಚಿದರು. ಅವರು ಒಪ್ಪಲಿಲ್ಲ. ಈಗ ಯಾರು ಹೇಳಿದರೂ ಆತ ಕೇಳುವ ಸ್ಥಿತಿಯಲ್ಲಿಲ್ಲ, ನೀವು ಪ್ರಾರ್ಥಿಸುತ್ತಿರಿ ಎಂದು ಕಳುಹಿಸಿಬಿಟ್ಟರು.

383ರಲ್ಲಿ ಅಗಸ್ಟೀನ್ ರೋಮಿಗೆ ಹಡಗು ಹತ್ತಲು ಹೊರಟಾಗ ತಾಯಿ ಬೆನ್ನಿಗೆ ಬಿದ್ದರು. ಗೆಳೆಯನೊಬ್ಬನನ್ನು ಬೀಳ್ಕೊಡಬೇಕಿದೆ ಎಂದು ಸುಳ್ಳು ಹೇಳಿ, ಆತ ಅವರನ್ನು ಸಂತ ಸಿಪ್ರಿಯಾನರ ಗುಡಿಯಲ್ಲಿ ಬಿಟ್ಟು ಹೋದ. ಮಗ ಹೋಗದಿರಲಿ ಎಂದು ಆ ತಾಯಿ ರಾತ್ರಿಯಿಡೀ ಕಣ್ಣೀರಿಟ್ಟು ಬೇಡಿದರು. ಬೆಳಗಾಗುವಷ್ಟರಲ್ಲಿ ಹಡಗು ದಡ ಬಿಟ್ಟಿತ್ತು.

ಪ್ರಾರ್ಥನೆ ಸೋತಿತು ಎಂದೇ ಆ ದಿನ ಯಾರಿಗಾದರೂ ಅನ್ನಿಸಬೇಕು. ಆದರೆ ರೋಮಿಗೆ ಹೋದ ಆ ಮಗ ಅಲ್ಲಿಂದ ಮಿಲಾನಿಗೆ ಹೋದ, ಅಲ್ಲಿ ಧರ್ಮಾಧ್ಯಕ್ಷ ಆಂಬ್ರೋಸರ ಪ್ರಬೋಧನೆ ಕೇಳಿದ, 387ರ ಪಾಸ್ಕದಲ್ಲಿ ಅವರ ಕೈಯಿಂದಲೇ ಜ್ಞಾನಸ್ನಾನ ಪಡೆದ. ಬೆನ್ನುಬಿಡದೆ ಸಮುದ್ರ ದಾಟಿ ಬಂದಿದ್ದ ತಾಯಿ ಅದನ್ನು ಕಣ್ಣಾರೆ ಕಂಡು, ಅದೇ ವರ್ಷ ಓಸ್ತಿಯದಲ್ಲಿ ತೀರಿಕೊಂಡರು. ಹಡಗು ಹೊರಟ ಆ ರಾತ್ರಿ ದೇವರು ಅವರ ಕೋರಿಕೆಯನ್ನು ನಡೆಸಿಕೊಡಲಿಲ್ಲ, ಆ ಕೋರಿಕೆಯ ಒಳಗಿದ್ದ ಹಂಬಲವನ್ನು ಕೈಬಿಡಲೂ ಇಲ್ಲ. ಮುಂದೆ ‘ತಪ್ಪೊಪ್ಪಿಗೆಗಳು’ ಬರೆದಾಗ ಅಗಸ್ಟೀನರೇ ಇದನ್ನು ಕಂಡುಕೊಂಡರು.

ಎಲ್ಲ ಪ್ರಾರ್ಥನೆಯೂ ಹೀಗೆ ಕೈಗೂಡುತ್ತದೆ ಎಂದು ನಿನಗೆ ಮಾತು ಕೊಡಲಾರೆ. ತನ್ನನ್ನು ಕಾಡುತ್ತಿದ್ದ ಮುಳ್ಳು ತೊಲಗಲಿ ಎಂದು ಸಂತ ಪೌಲರು ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಅದನ್ನು ತಾಳುವ ಕೃಪೆ ದೊರಕಿತು. ಗೆತ್ಸೆಮನಿ ತೋಪಿನಲ್ಲಿ ಪ್ರಭು ಯೇಸುವೂ ಯಾತನೆಯ ಪಾತ್ರೆ ತಪ್ಪಲಿ ಎಂದು ಬೇಡಿ, ಕೊನೆಗೆ ಪಿತನ ಚಿತ್ತಕ್ಕೆ ತಲೆಬಾಗಿದರು. ಅವರೇ ಅಲ್ಲವೇ ನಮಗೆ ಎದೆಗುಂದದೆ ಪ್ರಾರ್ಥಿಸಿರಿ ಎಂದು ವಿಧವೆಯ ಸಾಮತಿ ಹೇಳಿದ್ದು? ಯಾರಿಗೂ ಅಂಜದ ನ್ಯಾಯಾಧಿಪತಿಯೇ ಅವಳ ಕಾಟಕ್ಕೆ ಮಣಿದ ಮೇಲೆ, ನಮ್ಮನ್ನು ಪ್ರೀತಿಸುವ ತಂದೆ ಕೇಳಿಸಿಕೊಳ್ಳದೆ ಇರುತ್ತಾರೆಯೇ?

ಇನ್ನು ದಿನದಿನದ ಮಾತು. ಬೇಸರ ಬಂದ ದಿನ ಬೇಸರವನ್ನೇ ಹೇಳಿಬಿಡು. ಇನ್ನೆಷ್ಟು ಕಾಲ ಎಂದು 13ನೆಯ ಕೀರ್ತನೆ ದೇವರನ್ನು ನಾಲ್ಕು ಬಾರಿ ಕೇಳುತ್ತದೆ, ಕೇಳಿದವನನ್ನು ಯಾರೂ ಗದರಿಸಲಿಲ್ಲ. ಉದ್ದದ ಪ್ರಾರ್ಥನೆಗೆ ಮನಸ್ಸಾಗದಿದ್ದರೆ ‘ಪರಲೋಕದಲ್ಲಿರುವ’ ಜಪವೊಂದನ್ನೇ ನಿಧಾನವಾಗಿ ಹೇಳು, ಹೊತ್ತು ಮಾತ್ರ ತಪ್ಪಿಸಬೇಡ. ಒಬ್ಬಳೇ ಹೊರಬೇಡ. ನಿಮ್ಮ ಗುರುಗಳಿಗೆ ತಿಳಿಸು, ಬಲಿಪೂಜೆಯಲ್ಲಿ ನಿನ್ನ ತಮ್ಮನ ಹೆಸರು ಹಿಡಿದು ಬೇಡಲಿ. ಪಕ್ಕದ ಮನೆಯವರ ಹರಕೆ ಬೇಗ ಫಲಿಸಿತೆಂದು ಹೋಲಿಸಿ ಕೊರಗಬೇಡ.

ತಮ್ಮನನ್ನು ವೈದ್ಯರ ಬಳಿಗೂ ಕರೆದುಕೊಂಡು ಹೋಗು. ಕುಡಿತದ ಚಟ ಒಂದು ಕಾಯಿಲೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಮೋನಿಕಾ ಬರಿದೇ ಮೊಣಕಾಲೂರಿ ಕೂರಲಿಲ್ಲ, ಮಗನಿರುವಲ್ಲಿಗೇ ಹೋದರು. ಚಿಕಿತ್ಸೆ ಕೊಡಿಸಿದರೆ ವಿಶ್ವಾಸ ಕಡಿಮೆಯಾಯಿತೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಇವತ್ತೂ ಅವನು ಕುಡಿದು ಬರಬಹುದು. ಆದರೂ ರಾತ್ರಿ ಮಲಗುವ ಮುಂಚೆ ಅವನ ಹೆಸರು ಹಿಡಿದು ದೇವರನ್ನು ಕೇಳು ಮಗಳೇ, ನಾಳೆಯೂ ಕೇಳು. ನಿನ್ನ ಜೊತೆ ನಾನೂ ಕೇಳುತ್ತೇನೆ.